ಬೆಟ್ಟ ಬೆಳೆದ ಆ ರಾತ್ರಿ

"ಹಾಗೆ ಮಾಡಬೇಡಿ."

ಅಂಗಡಿಯ ಬಾಗಿಲ ಕಡೆಯಿಂದ ಬಂದ ಆ ದನಿಗೆ ಅವಳ ಕೈಯಲ್ಲಿದ್ದ ವಾಚ್ ಗಾಜಿನ ಮೇಜಿನ ಮೇಲೆ ಟಪ್ಪೆಂದು ಬಿತ್ತು.

ತಲೆ ಎತ್ತಿ ನೋಡುವ ಅಗತ್ಯವೇ ಇರಲಿಲ್ಲ. ಒಂದು ಕಾಲಕ್ಕೆ ಆ ದನಿ ಕೇಳುವುದಕ್ಕೆಂದೇ ಅವಳು ಬಾಗಿಲ ಕಡೆ ಒಂದು ಕಿವಿ ಇಟ್ಟು ಕೆಲಸ ಮಾಡುತ್ತಿದ್ದಳು. ಈಗ ಒಂದು ವರ್ಷದಿಂದ, ಅದು ಮತ್ತೆಂದೂ ಕಿವಿಗೆ ಬೀಳದಿದ್ದರೆ ಸಾಕು ಅಂದುಕೊಂಡಿದ್ದಳು.

ಅವನೇ... ಬೆಟ್ಟದ ಗೈಡ್. ಅವಳನ್ನು ಮದುವೆಯಾಗಬೇಕಿದ್ದವನು. ಅವಳಿಗಿದ್ದ ಒಬ್ಬನೇ ತಮ್ಮನನ್ನು ಬೆಟ್ಟ ಹತ್ತಿಸಲು ಕರೆದೊಯ್ದು, ಜೀವಂತ ವಾಪಸ್ ಕರೆತರದವನು.

ಮೇಜಿನ ಆಚೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಜೋಡಿ ವಾಚ್ ಕೊಳ್ಳಲು ನಿಂತಿದ್ದರು. ಮೊದಲ ಸಲ ಬೆಟ್ಟಕ್ಕೆ ಹೊರಟವರು. ಅವಳು ಎಲ್ಲರಿಗೂ ಹೇಳುವುದನ್ನೇ ಅವರಿಗೂ ಹೇಳುತ್ತಿದ್ದಳು. "ಇದು ಗಾಳಿಯ ಒತ್ತಡ ನೋಡಿ ಎತ್ತರ ಹೇಳುತ್ತೆ. ಆಗಾಗ ಸ್ವಲ್ಪ ತಪ್ಪುತ್ತೆ. ದಿನಾ ಬೆಳಿಗ್ಗೆ ಎದ್ದ ತಕ್ಷಣ, ಎತ್ತರ ಗೊತ್ತಿರೋ ಜಾಗದಲ್ಲಿ ನಿಂತು ಈ ಬಟನ್ ಒತ್ತಿ ಸರಿ ಮಾಡ್ಕೊಂಡ್ಬಿಡಿ."

ಅಷ್ಟರಲ್ಲೇ ಅವನು ಬಾಯಿ ಹಾಕಿದ್ದ.

"ಯಾಕ್ ಸರ್, ಮಾಡಬಾರದು?" ಎಂದು ಹುಡುಗಿ ಕೇಳಿದಳು.

ಗೈಡ್ ಒಂದು ಕ್ಷಣ ಮೇಜಿನ ಹಿಂದಿದ್ದ ಅವಳ ಕಡೆ ನೋಡಿದ. ಹೇಳಲೋ ಬೇಡವೋ ಎಂದು ಅವನ ಮುಖದಲ್ಲಿ ಹೊಯ್ದಾಟ ನಡೆಯುತ್ತಿತ್ತು. ಕೊನೆಗೆ ಹುಡುಗಿಯ ಕಡೆಗೇ ತಿರುಗಿದ.

"ರಾತ್ರಿ ಇಡೀ ಇದ್ದಲ್ಲೇ ಮಲಗಿರ್ತೀರಿ. ಬೆಳಿಗ್ಗೆ ವಾಚ್ ನೋಡಿದ್ರೆ ಎತ್ತರ ಜಾಸ್ತಿ ತೋರಿಸುತ್ತೆ ಅಂತಿಟ್ಕೊಳ್ಳಿ. ವಾಚ್ ಕೆಟ್ಟಿಲ್ಲ. ಗಾಳಿಯ ಒತ್ತಡ ಇಳಿದಿದೆ, ಮಳೆಗಾಳಿ ಬರ್ತಿದೆ ಅಂತ ಅರ್ಥ. ನಾವು ಗೈಡ್‌ಗಳು ಅದಕ್ಕೆ 'ಬೆಟ್ಟ ಬೆಳೆದಿದೆ' ಅಂತೀವಿ. ಬೆಟ್ಟ ಬೆಳೆದ್ರೆ ಹತ್ತಬಾರದು, ತೆಪ್ಪಗೆ ಇಳೀಬೇಕು. ನೋಡದೆ ಬಟನ್ ಒತ್ತಿ ಸರಿ ಮಾಡಿಬಿಟ್ರೆ... ಎಚ್ಚರಿಕೆ ಅಳಿಸಿ ಹೋಗುತ್ತೆ."

"ಅಯ್ಯೋ, ಯಾರಾದ್ರೂ ಹಾಗೆ ಮಾಡ್ಕೊಂಡಿದ್ದಾರಾ?"

ಅವನು ಕೈಯಲ್ಲಿದ್ದ ತನ್ನ ಹಳೆಯ ವಾಚನ್ನು ಮೇಜಿನ ಮೇಲಿಟ್ಟ. "ಇವತ್ತು ನಿನಗೆ ರಜ ಅಂದ್ಕೊಂಡಿದ್ದೆ," ಎಂದ ಅವಳಿಗೆ ಮಾತ್ರ ಕೇಳುವಂತೆ. "ಇದನ್ನ ಯಾರಿಗಾದ್ರೂ ಕೊಟ್ಬಿಡಿ ಅಂತ ಯಜಮಾನರಿಗೆ ಹೇಳು. ನನಗೆ ಇನ್ನು ಬೇಕಾಗಿಲ್ಲ."

ಹೊರಟೇಹೋದ.

ಅಂಗಡಿ ಯಜಮಾನರು ಮಗಳಿಗೆ ಜ್ವರವೆಂದು ಮನೆಯಲ್ಲೇ ಉಳಿದಿದ್ದರಿಂದ ಅವಳು ಆ ದಿನ ರಜ ಬಿಟ್ಟು ಬಂದಿದ್ದಳು. ಇಲ್ಲದಿದ್ದರೆ ಅವನು ಬಂದು ಹೋದದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ಶಟರನ್ನು ಅರ್ಧಕ್ಕೆ ಎಳೆದು ಊಟದ ಡಬ್ಬಿ ಬಿಚ್ಚಿದಳು.

ಈ ಅಂಗಡಿಯಲ್ಲೇ ಅವರ ಪ್ರೀತಿ ಶುರುವಾಗಿತ್ತು. ಇಲ್ಲಿಗೆ ಬರುವವರೆಲ್ಲ ಬೆಟ್ಟ ಹತ್ತುವವರೇನಲ್ಲ. ಮಾತ್ರೆ ನುಂಗುವ ಹೊತ್ತಿಗೆ ಕೂಗುವ ವಾಚ್ ಬೇಕೆನ್ನುವ ಅಜ್ಜಿಯರು, ಪಾತ್ರೆ ತೊಳೆದರೂ ನೀರು ಹೋಗದ ವಾಚ್ ಕೇಳುವ ಅಡುಗೆಯವರು, ದಿಕ್ಕು ತೋರಿಸುವ ವಾಚ್ ಕಟ್ಟಿಕೊಂಡು ಮನೆಯಿಂದ ಆಫೀಸಿಗೆ ಮಾತ್ರ ಹೋಗುವ ಗುಮಾಸ್ತರು... ಅವರ ನಡುವೆ ಇವನು ವಾರಕ್ಕೊಮ್ಮೆ ಯಾವುದಾದರೂ ವಾಚ್ ಹಿಡಿದು ಬರುತ್ತಿದ್ದ. ಬ್ಯಾಟರಿ ಹೋಗಿದೆ, ಪಟ್ಟಿ ಸಡಿಲವಾಗಿದೆ, ಲೈಟ್ ಹತ್ತುತ್ತಿಲ್ಲ. ಎಲ್ಲವೂ ಚೆನ್ನಾಗಿಯೇ ಇರುತ್ತಿದ್ದವು.

"ಅಕ್ಕಾ, ಆ ಮನುಷ್ಯನ ವಾಚ್ ಕೆಟ್ಟಿಲ್ಲ, ತಲೆ ಕೆಟ್ಟಿದೆ," ಎಂದು ಮೊದಲು ಕಂಡುಹಿಡಿದವನೇ ತಮ್ಮ. ಮದುವೆಗೆ ಮುಂಚೆಯೇ ಭಾವ ಎಂದು ಕರೆಯಲು ಶುರು ಮಾಡಿದ್ದ.

ತಮ್ಮನನ್ನು ಮನೆಯಲ್ಲಿ ಎಲ್ಲರೂ ಗುಂಡ ಅನ್ನುತ್ತಿದ್ದರು. ಹುಟ್ಟಿದಾಗ ಗುಂಡಗಿದ್ದನಂತೆ. ಬೆಳೆದಂತೆ ಕಡ್ಡಿಯಾದ, ಹೆಸರು ಮಾತ್ರ ಕರಗಲಿಲ್ಲ. ಮುದ್ರಣಾಲಯದಲ್ಲಿ ಕೆಲಸ. ಕಾಗದದ ಮೇಲೆ ಬಣ್ಣ ಕೂದಲೆಳೆಯಷ್ಟು ಸರಿದರೂ ಮಷೀನು ನಿಲ್ಲಿಸುವವನು. ಯಾರ ಮನೆಗೆ ಹೋದರೂ ಕುರ್ಚಿ ಹತ್ತಿ ಅವರ ಗೋಡೆ ಗಡಿಯಾರ ಸರಿ ಮಾಡದೆ ಕೂರುತ್ತಿರಲಿಲ್ಲ. "ಊರ ಉಸಾಬರಿ ನಿನಗ್ಯಾಕೋ," ಎಂದು ಅಮ್ಮ ಬೈದರೆ, "ತಪ್ಪು ಕಣ್ಣಿಗೆ ಬಿದ್ಮೇಲೆ ಸುಮ್ನಿರೋದು ಹೇಗಮ್ಮ," ಎನ್ನುತ್ತಿದ್ದ.

ಆ ಸಾವಿನ ಮರುದಿನ ಗೈಡ್ ಅವರ ಅಂಗಳದಲ್ಲಿ ನಿಂತು ಒಂದೇ ಮಾತು ಹೇಳಿದ್ದ. "ಬೆಳಿಗ್ಗೆ ನಾನು ವಾಚ್ ನೋಡಲಿಲ್ಲ. ತಪ್ಪು ನನ್ನದು."

ಅಮ್ಮ ಬಾಗಿಲು ಹಾಕಿಕೊಂಡರು. ಅವಳು ಕಿಟಕಿಯಿಂದ, "ಇನ್ನೊಂದು ಸಲ ನಿಮ್ಮ ಮುಖ ತೋರಿಸಬೇಡಿ," ಎಂದಿದ್ದಳು. ಅವನು ಗೇಟು ದಾಟಿ ಹೋಗಿದ್ದ.

ಡಬ್ಬಿಯ ಮುಂದೆ ಕೂತವಳಿಗೆ ಈಗ ಅವನ ಆ ಮಾತು ಮುಳ್ಳಿನಂತೆ ಚುಚ್ಚತೊಡಗಿತು.

ವಾಚ್ ನೋಡಲಿಲ್ಲವೇ... ಇವನೇ? ಮುಖ ತೊಳೆಯುವ ಮೊದಲು ವಾಚ್ ನೋಡುವವನು. ಅಂಗಡಿಯಲ್ಲಿ ಅಪರಿಚಿತರಿಗೂ ಇಷ್ಟು ಬಿಡಿಸಿ ಹೇಳಿದವನು. ಅವನು ನೋಡದೆ ಹತ್ತು ಜನರನ್ನು ಬೆಟ್ಟ ಹತ್ತಿಸಿದನೇ?

ನೋಡಿಯೇ ಇದ್ದರೆ? ನೋಡಿದಾಗ ಎತ್ತರ ಸರಿಯಾಗಿಯೇ ಕಂಡಿದ್ದರೆ? ಯಾರೋ ಅದಕ್ಕೂ ಮೊದಲೇ ಎದ್ದು, ತಪ್ಪು ಕಣ್ಣಿಗೆ ಬಿದ್ದು, ಸುಮ್ಮನಿರಲಾರದೆ...

ಅವಳು ಡಬ್ಬಿ ಮುಚ್ಚಿದಳು. ಗುಂಡ ಹೊರಡುವ ಹಿಂದಿನ ಸಂಜೆ ಇದೇ ಮೇಜಿನ ಆಚೆ ನಿಂತು, "ಅಕ್ಕಾ, ಈ ವಾಚಲ್ಲಿ ಎತ್ತರ ಸರಿ ಮಾಡೋದು ಹೇಗೆ, ತೋರಿಸು," ಎಂದಿದ್ದ. ಅವಳು ತೋರಿಸಿದ್ದಳು. ಒಂದಲ್ಲ, ಎರಡು ಸಲ.

ಊರಾಚೆಯ ಬೇಕರಿಯ ಹಿಂದೆ ಬ್ರೆಡ್ಡಿನ ವ್ಯಾನ್ ನಿಂತಿತ್ತು. ಅವನು ಈಗ ಗೈಡ್ ಅಲ್ಲ, ಈ ವ್ಯಾನಿನ ಡ್ರೈವರ್ ಎಂದು ಯಜಮಾನರು ಹೇಳಿದ್ದರು. ಅವಳು ಹೋದಾಗ ಖಾಲಿ ಟ್ರೇಗಳನ್ನು ಇಳಿಸಿ ಒಂದರ ಮೇಲೊಂದು ಜೋಡಿಸುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ನೀವು ವಾಚ್ ನೋಡಿದ್ರಿ," ಎಂದಳು. ಪ್ರಶ್ನೆಯಾಗಿ ಕೇಳಲಿಲ್ಲ.

"ಇಲ್ಲ ಅಂತ ಆಗ್ಲೇ ಹೇಳಿದೀನಲ್ಲ."

"ನಿಮಗೆ ಸುಳ್ಳು ಹೇಳೋಕೆ ಬರಲ್ಲ. ಚೆನ್ನಾಗಿರೋ ವಾಚ್ ಕೆಟ್ಟಿದೆ ಅಂತ ತರ್ತಿದ್ರಲ್ಲ, ಆಗ್ಲೂ ಬರ್ತಿರಲಿಲ್ಲ."

ಅವನು ಟ್ರೇ ಎತ್ತಿದ. ಇಟ್ಟ. ಮತ್ತೆ ಎತ್ತಿದ.

"ಗುಂಡ ಮುಟ್ಟಿದ್ನಾ?"

"ಮನೆಗೆ ಹೋಗು. ಅಮ್ಮ ಕಾಯ್ತಿರ್ತಾರೆ."

"ಮುಟ್ಟಿದ್ನಾ, ಹೇಳಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಬೆಳಿಗ್ಗೆ ಅಂಗಡಿಯಲ್ಲಿ ಬಾಯಿ ಬಿಟ್ಟ ಕ್ಷಣವೇ ತಾನು ಇಷ್ಟು ದಿನ ಕಾಪಾಡಿದ್ದು ಕೈತಪ್ಪಿತೆಂದು ಅವನಿಗೂ ಗೊತ್ತಿತ್ತು. ಆದರೆ ಏನೂ ಅರಿಯದ ಆ ಇಬ್ಬರು ಅದೇ ಪಾಠ ಕಲಿತು ಬೆಟ್ಟಕ್ಕೆ ಹೋಗುವುದನ್ನು ನೋಡಿಕೊಂಡು ಸುಮ್ಮನಿರಲು ಅವನಿಂದ ಆಗಿರಲಿಲ್ಲ.

ಅವನು ಟ್ರೇಗಳ ಮೇಲೆ ಕುಸಿದು ಕೂತ.

"ಬೆಟ್ಟದ ಮೇಲಿನ ಗುಡಿಸಲಲ್ಲಿ ಮಲಗಿದ್ವಿ. ಅದರ ಬಾಗಿಲ ಮೇಲೆ ಎತ್ತರ ಬರೆದಿದೆ. ಸಂಜೆ ವಾಚನ್ನ ಅದಕ್ಕೆ ಸರಿ ಮಾಡಿ ಮೊಳೆಗೆ ನೇತುಹಾಕಿದ್ದೆ. ಬೆಳಿಗ್ಗೆ ನೋಡಿದ್ರೆ ಬಾಗಿಲ ಮೇಲಿದ್ದಷ್ಟೇ ಇತ್ತು. ಬೆಟ್ಟ ಬೆಳೆದಿಲ್ಲ ಅಂತ ಎಲ್ಲರನ್ನೂ ಹೊರಡಿಸಿದೆ. ನಡುದಾರಿಯಲ್ಲಿ ಆಕಾಶ ಕಪ್ಪಾಯ್ತು... ಬಂಡೆ ಮರೆಯಲ್ಲಿ ಮುದುರಿ ಕೂತಾಗ ಗುಂಡ ಹೇಳಿದ. 'ಭಾವ, ಬೆಳಿಗ್ಗೆ ನಿಮ್ಮ ವಾಚ್ ತಪ್ಪು ತೋರಿಸ್ತಿತ್ತು. ನೀವು ಮಲಗಿದ್ರಿ, ಎಬ್ಬಿಸೋದ್ಯಾಕೆ ಅಂತ ನಾನೇ ಸರಿ ಮಾಡ್ದೆ. ಅಕ್ಕ ಹೇಳಿಕೊಟ್ಟಿದ್ಲು...'"

ಅವಳು ವ್ಯಾನಿನ ಬಾಗಿಲು ಹಿಡಿದುಕೊಂಡಳು.

"ನೀವು... ಏನಂದ್ರಿ ಅವನಿಗೆ?"

"ಒಳ್ಳೇ ಕೆಲಸ ಮಾಡಿದೆ ಅಂದೆ."

ಅವಳು ಅಲ್ಲಿಯವರೆಗೆ ತಡೆದಿದ್ದ ಅಳು ಕಟ್ಟೆಯೊಡೆಯಿತು. ಬಿಕ್ಕಿ ಬಿಕ್ಕಿ ಅತ್ತಳು. ಬೇಕರಿಯೊಳಗೆ ಹಿಟ್ಟು ನಾದುವ ಮಷೀನಿನ ಸದ್ದು ಇತ್ತು, ಯಾರಿಗೂ ಕೇಳಲಿಲ್ಲ. ತಮ್ಮ ಏನೂ ತಿಳಿಯದೆ ಹೋದ. ತಿಳಿದವನು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ವರ್ಷವಿಡೀ ಬೈಸಿಕೊಂಡ. ತಾನು ಮಾತ್ರ, ಪಾಠ ಹೇಳಿದವಳು, ನಿರಾಳವಾಗಿ ಅವನನ್ನು ದ್ವೇಷಿಸುತ್ತ ಬದುಕಿದೆನಲ್ಲ...

"ನನ್ನಿಂದ ಸತ್ತ ಅವನು."

"ಇಲ್ಲ, ಕೇಳು ಇಲ್ಲಿ." ಅವನು ಎದ್ದು ಬಂದ. ಮುಟ್ಟಲು ಕೈ ಎತ್ತಿ, ಮುಟ್ಟದೆ ಇಳಿಸಿದ. "ನೀನು ಹೇಳಿದ್ದು ತಪ್ಪಲ್ಲ, ಅರ್ಧ ಅಷ್ಟೇ. ಸರಿ ಮಾಡೋ ಮುಂಚೆ ಎಷ್ಟು ತಪ್ಪಿದೆ ಅಂತ ನೋಡ್ಬೇಕು, ಮೊಳೆ ಮೇಲಿರೋ ವಾಚ್ ಯಾರೂ ಮುಟ್ಟಬಾರದು... ಆ ಉಳಿದರ್ಧ ಹೇಳ್ಬೇಕಾದವನು ನಾನು. ನಾನು ಹೇಳಲಿಲ್ಲ. ನಮ್ಮವನೇ ಅಲ್ವಾ, ನಿಧಾನಕ್ಕೆ ಹೇಳಿದ್ರಾಯ್ತು ಅಂತ ಸುಮ್ನಿದ್ದೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಉಳೀತಿದ್ಯಾ? ಅಮ್ಮ ಒಂದೇ ದಿನ ಇಬ್ಬರನ್ನ ಕಳ್ಕೊಳ್ತಿದ್ರು. ಬೈಯೋಕೆ ನಾನಿದ್ರೆ ನೀವಿಬ್ರೂ ಹೇಗೋ ಎದ್ದು ಓಡಾಡ್ತೀರ ಅನ್ನಿಸ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಮ್ಮನಿಗೆ ಹೇಳ್ತೀನಿ. ಈಗ್ಲೇ."

"ಬೇಡ. ಅವರು ನಿನ್ನನ್ನ ಕ್ಷಮಿಸದೇ ಹೋದ್ರೆ?"

"ಹೋದ್ರೆ ಹೋಗ್ಲಿ. ನಿಮ್ಮ ಬೆನ್ನ ಮೇಲೆ ಕೂತು ಬದುಕೋದು ನನಗೆ ಬೇಡ. ನೀವು ಬಂದು ಪಕ್ಕದಲ್ಲಿ ನಿಂತ್ಕೊಳ್ಳಿ ಅಷ್ಟೇ."

ಅಮ್ಮ ಮುಂದಿನ ಕೋಣೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದರು. ಮಗಳ ಹಿಂದೆ ಅವನು ನಿಂತಿದ್ದನ್ನು ನೋಡಿ ಮುಖ ಬಿಗಿಯಾಯಿತು. ಅವಳು ಅಮ್ಮನ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ತಾನು ಹೇಳಿಕೊಟ್ಟದ್ದು, ಗುಂಡ ಸರಿ ಮಾಡಿದ್ದು, ಇವನು ನೋಡಿಯೂ ನೋಡಲಿಲ್ಲ ಎಂದದ್ದು. ಒಂದನ್ನೂ ಮುಚ್ಚಿಡಲಿಲ್ಲ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ಅಮ್ಮನ ಕೈ ಮಡಿಸುತ್ತಲೇ ಇತ್ತು. ಒಂದೇ ಟವಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

ಅವಳು ಏಟಿಗೆ ಕಾಯುವವಳಂತೆ ತಲೆ ತಗ್ಗಿಸಿದ್ದಳು. ಅಮ್ಮ ಅವಳನ್ನು ದಾಟಿ ಬಾಗಿಲ ಕಡೆ ನೋಡಿದರು.

"ಕೊನೇಲಿ ಅವನ ಜೊತೆ ಇದ್ದಿದ್ದು ನೀನೇ ಅಲ್ವೇನಪ್ಪಾ?"

"ಹೌದಮ್ಮಾ."

"ಅವನಿಗೆ ಭಯ ಆಗಿತ್ತಾ?"

ಅವಳು ಬೆಚ್ಚಿ ತಲೆ ಎತ್ತಿದಳು. ಈ ಒಂದು ಪ್ರಶ್ನೆಯನ್ನು ಅಮ್ಮ ವರ್ಷವಿಡೀ ಎದೆಯಲ್ಲಿಟ್ಟುಕೊಂಡಿದ್ದರು. ಉತ್ತರ ಗೊತ್ತಿದ್ದ ಒಬ್ಬನೇ ಒಬ್ಬನನ್ನು ತಾವಿಬ್ಬರೂ ಸೇರಿ ಅಂಗಳದಿಂದಲೇ ಅಟ್ಟಿದ್ದರು.

ಗೈಡ್ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತ. "ಇಲ್ಲಮ್ಮಾ. ಸಾಕ್ಸ್ ನೆನೆದಿತ್ತು, ಅದರದ್ದೇ ಗೊಣಗಾಟ. ಅಮ್ಮ ಇನ್ನೊಂದು ಜೊತೆ ಇಟ್ಕೋ ಅಂತ ಬಡ್ಕೊಂಡ್ಲು, ನಾನು ಬಿಟ್ಟು ಬಂದೆ, ಈಗ ಹೋದ್ರೆ ಬೈತಾಳೆ ಅಂತಿದ್ದ. ನಗ್ತಿದ್ದ. ಎದ್ದು ಇಳಿಯೋಕೆ ಶುರು ಮಾಡಿದ್ವಿ, ಅವನ ಕಾಲಡಿಯ ಕಲ್ಲು ಜಾರ್ತು. ಕೂಗೋಕೂ ಹೊತ್ತಿರಲಿಲ್ಲ ಅವನಿಗೆ."

"ಬೈತಿದ್ದೆ," ಎಂದರು ಅಮ್ಮ. "ಬಂದಿದ್ರೆ ಚೆನ್ನಾಗಿ ಬೈತಿದ್ದೆ." ಅವರ ತುಟಿ ನಗಲು ಹೋಗಿ ಅಳುವಾಯಿತು. ಟವಲಿನಲ್ಲಿ ಮುಖ ಹುದುಗಿಸಿಕೊಂಡರು. ಇನ್ನೊಂದು ಕೈ ತಡಕಾಡುತ್ತ ಮಗಳ ತಲೆಯ ಮೇಲೆ ಬಂದು ಕೂತಿತು. ಆ ಕೈಯಲ್ಲಿ ಕ್ಷಮೆ ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಆದರೆ ಕೈ ಅಲ್ಲೇ ಇತ್ತು, ತೆಗೆಯಲಿಲ್ಲ.

ಹೊತ್ತು ಮುಳುಗುವಾಗ ಅವಳು ಅವನನ್ನು ಗೇಟಿನವರೆಗೆ ಕಳಿಸಲು ಬಂದಳು. ಇಬ್ಬರ ಕಣ್ಣೂ ಊದಿದ್ದವು.

"ನಾಳೆ ಬರ್ಬೇಕಂತೆ," ಎಂದಳು. "ಅಮ್ಮ ಇನ್ನೂ ಕೇಳೋದಿದೆ ಅಂದ್ರು. ದಾರಿಯಲ್ಲಿ ಏನು ತಿಂದ, ಏನು ಮಾತಾಡ್ದ... ಎಲ್ಲಾ."

"ಬರ್ತೀನಿ. ನಿನಗೆ? ನಿನಗೇನೂ ಕೇಳೋದಿಲ್ವಾ?"

ಅವಳು ಗೇಟಿನ ಚಿಲಕ ಹಿಡಿದು ನಿಂತಳು. ತೆಗೆಯಲಿಲ್ಲ.

"ಇದೆ. ತುಂಬಾ ಇದೆ. ಅಳು ಬಂದಾಗೆಲ್ಲ ನಿಲ್ಲಿಸಿ ನಿಲ್ಲಿಸಿ ಕೇಳ್ತೀನಿ. ಒಂದೆರಡು ದಿನಕ್ಕೆ ಮುಗಿಯೋದಲ್ಲ."

"ಹಾಗಾದ್ರೆ ಎಷ್ಟು ದಿನ ಬರ್ಲಿ?"

"ಹೋಗದೇ ಇದ್ದುಬಿಡೋ ಹಾಗೆ ಬನ್ನಿ," ಎಂದಳು ಅವಳು.