ಹಲಗೆಗಳ ಮೇಲೆ ನಿಂತ ಜೀಪು

“ಇನ್ನೊಂದು ಹಲಗೆ ಹಾಕಿ!” ಎಂದ ಮಾಮ.

ಮೆಕ್ಯಾನಿಕ್ ಜ್ಯಾಕ್ ತಿರುಗಿಸಿದ. ಜೀಪಿನ ಚಕ್ರ ಮೆಲ್ಲಗೆ ಮೇಲೆದ್ದಿತು. ಅದರ ಕೆಳಗೆ ಆಗಲೇ ಒಂದೊಂದು ಇಂಚು ದಪ್ಪದ ಮೂರು ಹಲಗೆಗಳಿದ್ದವು. ನಾಲ್ಕನೆಯದನ್ನೂ ತೂರಿಸಿದ. ಉಳಿದ ಚಕ್ರಗಳಿಗೂ ಹಾಗೇ ಮಾಡಿ, ಚಿಂದಿ ಬಟ್ಟೆಗೆ ಕೈ ಒರೆಸಿಕೊಂಡ.

“ನೋಡ್ಕೊಳ್ಳಿ. ನಾಲ್ಕು ಇಂಚು ಎತ್ತಿಸಿದ್ರೆ ಹಿಂಗಿರುತ್ತೆ. ಸ್ಪ್ರಿಂಗ್ ಬದಲಾಯಿಸಿ ಆದ ಮೇಲೆ ಅಯ್ಯೋ ಬೇಡ ಅಂತ ಬರಬೇಡಿ. ಅದಕ್ಕೇ ನಮ್ಮ ಗ್ಯಾರೇಜಲ್ಲಿ ಮೊದಲು ಹಲಗೆ, ಆಮೇಲೆ ಸ್ಪ್ರಿಂಗ್.”

ಮಾಮ ಜೀಪಿನ ಸುತ್ತ ಸುತ್ತಿದ. ಬಗ್ಗಿ ನೋಡಿದ, ದೂರ ಹೋಗಿ ನೋಡಿದ, ಮೊಬೈಲಿನಲ್ಲಿ ಫೋಟೋ ತೆಗೆದ.

“ಆನೆ ಥರ ಇದೆ! ಅಲ್ವೇನೇ ಚೂಟಿ?”

ಹಳೆಯ ಟೈರಿನ ಮೇಲೆ ಸ್ಕೂಲ್ ಬ್ಯಾಗ್ ಇಟ್ಟುಕೊಂಡು ಕೂತಿದ್ದ ಚೂಟಿ ಅಜ್ಜಿಯನ್ನು ನೋಡುತ್ತಿದ್ದಳು.

ಅಜ್ಜಿ ಗ್ಯಾರೇಜಿನ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ತನ್ನ ಹೊಲಿಗೆ ಅಂಗಡಿಯಿಂದ ನೇರ ಬಂದಿದ್ದರಿಂದ ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಎಲ್ಲರೂ ಜೀಪಿನ ನೆತ್ತಿ ನೋಡುತ್ತಿದ್ದರೆ ಅಜ್ಜಿ ಮಾತ್ರ ಅದರ ಬಾಗಿಲ ಕೆಳಗಿನ ಫುಟ್‌ಬೋರ್ಡ್ ನೋಡುತ್ತಿದ್ದಳು.

ಜೀಪನ್ನು ಎತ್ತಿಸಬೇಕು, ಅದು ಚೂಟಿಗೂ ಗೊತ್ತು. ಅವರ ಮನೆ ಗುಡ್ಡದ ಮೇಲಿತ್ತು. ದಾರಿ ತುಂಬ ಕಲ್ಲು. ದಿನಾ ಒಂದಲ್ಲ ಒಂದು ಕಡೆ ಜೀಪಿನ ಹೊಟ್ಟೆ ಕರ್ರ್ ಎಂದು ಉಜ್ಜಿ, ಎಲ್ಲರ ಹಲ್ಲೂ ಜುಮ್ಮೆನ್ನುತ್ತಿತ್ತು. ಆದರೆ ನಾಲ್ಕು ಇಂಚು ಯಾಕೆ? ಅದೂ ಚೂಟಿಗೆ ಗೊತ್ತು. “ನಿಂದು ನಾಲ್ಕಾ? ಹಂಗಾದ್ರೆ ನಂದೂ ನಾಲ್ಕು,” ಎಂದು ಮಾಮ ಫೋನಿನಲ್ಲಿ ಗೆಳೆಯನಿಗೆ ಹೇಳಿದ್ದನ್ನು ಅವಳೇ ಕೇಳಿಸಿಕೊಂಡಿದ್ದಳು.

ಎತ್ತಿಸದ ಜೀಪು ಹತ್ತುವುದೇ ಅಜ್ಜಿಗೆ ಕಷ್ಟ. ಬೆಳಿಗ್ಗೆ ಬಾಗಿಲ ಹಿಡಿಕೆ ಹಿಡಿದು, ಉಸಿರು ಕಟ್ಟಿ, “ಹೂಂ” ಎಂದು ಒಂದೇ ಸಲ ಮೇಲೇರಬೇಕು. ಹತ್ತದಿದ್ದರೆ ಅಂಗಡಿಯಿಲ್ಲ. ಆ ಗುಡ್ಡದಿಂದ ಕೆಳಗಿಳಿಯಲು ಬೇರೆ ಗಾಡಿಯೇ ಇಲ್ಲ.

“ಮಾಮ, ಇಷ್ಟು ಎತ್ತರ ಬೇಡ.”

“ಯಾಕಮ್ಮಾ, ಕುಳ್ಳಿಗೆ ಹತ್ತೋಕಾಗಲ್ಲ ಅಂತಾನಾ? ಸ್ಟೂಲ್ ತಂದ್ಕೊಡ್ತೀನಿ ಬಿಡು.”

ಗ್ಯಾರೇಜಿನ ಕೆಲಸದವರಿಬ್ಬರು ಕಿಸಕ್ಕೆಂದು ನಕ್ಕರು. ಚೂಟಿಯ ಕಿವಿ ಬಿಸಿಯಾಯಿತು.

“ನನಗಲ್ಲ, ಅಜ್ಜಿಗೆ! ಅಜ್ಜಿಗೆ ಮಂಡಿ ಎಷ್ಟು ನೋವು ಗೊತ್ತಾ ನಿನಗೆ? ದಿನಾ ಎಣ್ಣೆ ಹಚ್ಚೋದು ನಾನು. ಮೊನ್ನೆ ಅಂಗಡಿ ಮೆಟ್ಟಿಲ ಮೇಲೆ ಬಿದ್ದೇಬಿಟ್ಲು. ನಿನಗೆ ಹೇಳ್ಬೇಡ ಅಂದಿದ್ಲು. ನಿನಗೇನು, ಬರೀ ಫೋಟೋ!”

ಗ್ಯಾರೇಜಿನಲ್ಲಿ ಸ್ಪ್ಯಾನರ್ ಸದ್ದೂ ನಿಂತಿತು. ಮಾಮ ಮೊಬೈಲ್ ಕೆಳಗಿಳಿಸಿದ.

“ಅಮ್ಮಾ, ಬಿದ್ಯಾ? ನನಗೆ ಒಂದು ಮಾತು ಹೇಳ್ಬಾರ್ದಾ?”

ಅಜ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಸಾಕಮ್ಮ ಸಾಕು. ಇನ್ಮೇಲೆ ಅಂಗಡಿಗೆ ಹೋಗೋದೇ ಬೇಡ. ಮನೇಲಿ ಆರಾಮಾಗಿರು,” ಎಂದ ಮಾಮ. ಅವನ ದನಿಯಲ್ಲಿ ನಿಜವಾಗಿಯೂ ಗಾಬರಿಯಿತ್ತು. ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿದ. “ಅಮ್ಮ ಓಡಾಡಲ್ಲ ಅಂದ್ರೆ ತೊಂದರೇನೇ ಇಲ್ವಲ್ಲ. ನಾಲ್ಕಕ್ಕೇ ಫಿಕ್ಸ್ ಮಾಡಿ.”

ಚೂಟಿ ಹೇಳಿದ್ದೇನು, ಆಗಿದ್ದೇನು!

ಅಂಗಡಿ ಅಂದರೆ ಅವಳ ಸ್ಕೂಲಿನ ಪಕ್ಕದ ಚಿಕ್ಕ ಕೋಣೆ. ಅರ್ಧ ಸ್ಕೂಲಿನ ಯೂನಿಫಾರಂ ಹೊಲಿಯುವುದು ಅಜ್ಜಿಯೇ. ಅಲ್ಲಿ ಎಲ್ಲರೂ ಅವಳನ್ನು “ಟೈಲರಮ್ಮ” ಎನ್ನುತ್ತಾರೆ. ಹೆಡ್‌ಮಿಸ್ ಕೂಡ ಬಾಗಿಲಲ್ಲಿ ನಿಂತು, “ಟೈಲರಮ್ಮ, ಬಿಡುವಾಗಿದ್ದೀರಾ?” ಎಂದು ಕೇಳುತ್ತಾರೆ. ಮನೆಯಲ್ಲಿ ಕೂತರೆ ಟೈಲರಮ್ಮ ಎಲ್ಲಿರುತ್ತಾಳೆ?

“ಇದು ಅನ್ಯಾಯ! ಜೀಪು ಎತ್ತರ ಮಾಡ್ಬೇಡ ಅಂದ್ರೆ ಅಜ್ಜೀನೇ ಮನೇಲಿ ಕೂರಿಸ್ತೀಯಾ?”

“ಬಿದ್ಲು, ನೋವು ಅಂತ ಹೇಳಿದ್ದು ನೀನೇ ತಾನೆ?”

“ನಾನು ಹೇಳಿದ್ದು ಅದಕ್ಕಲ್ಲ!”

“ಮತ್ತೆ ಯಾವುದಕ್ಕೆ?”

“ಇಬ್ಬರೂ ಸ್ವಲ್ಪ ಬಾಯಿ ಮುಚ್ತೀರಾ?”

ಅಜ್ಜಿ ಎದ್ದು ನಿಂತಿದ್ದಳು. ಮೂಗಿನ ಹೊಳ್ಳೆ ಅರಳಿತ್ತು. “ಒಬ್ಬ ಅಂಗಡಿ ಮುಚ್ಚಿಸ್ತಾನೆ. ಇನ್ನೊಬ್ಬಳು ನಾನು ಬಿದ್ದಿದ್ದನ್ನ ಊರಿಗೆಲ್ಲ ಸಾರ್ತಾಳೆ. ಮಂಡಿ ಯಾರದು? ನಂದು. ನನ್ನನ್ನ ಒಬ್ಬರಾದ್ರೂ ಕೇಳಿದ್ರಾ?”

ಇಬ್ಬರೂ ಅಂದರೆ ತಾನೂನಾ? ಚೂಟಿಗೆ ಅಳುವೇ ಬಂತು. ಅಜ್ಜಿಗೋಸ್ಕರ ಜಗಳ ಆಡಿದ್ದು ತಾನಲ್ಲವೇ!

ಅಜ್ಜಿ ಜೀಪಿನ ಹತ್ತಿರ ನಡೆದಳು. “ಇದು ಅಲ್ಲಾಡಲ್ಲ ತಾನೇನಪ್ಪಾ?”

“ಇಲ್ಲಮ್ಮ. ಹ್ಯಾಂಡ್‌ಬ್ರೇಕ್ ಹಾಕಿದೀನಿ, ಚಕ್ರಕ್ಕೆ ಕಲ್ಲೂ ಕೊಟ್ಟಿದೀನಿ.”

“ಇಷ್ಟೊತ್ತು ಎಲ್ಲರೂ ಸುತ್ತು ಹಾಕಿದ್ದೇ ಆಯ್ತು, ಹತ್ತಿದೋರು ಯಾರು? ಬ್ಲೌಸನ್ನ ಹ್ಯಾಂಗರಿಗೆ ಹಾಕಿ ಟ್ರಯಲ್ ನೋಡ್ತಾರೇನು?”

ಅಜ್ಜಿ ಹಿಡಿಕೆ ಹಿಡಿದು ಕಾಲೆತ್ತಿದಳು. ಫುಟ್‌ಬೋರ್ಡ್ ಎಟುಕಲೇ ಇಲ್ಲ. ಚೂಟಿ ಓಡಿಹೋಗಿ ಮೊಣಕೈ ಹಿಡಿದಳು.

“ಬಿಡು,” ಎಂದು ಅಜ್ಜಿ ಕೊಸರಿಕೊಂಡಳು.

ಚೂಟಿ ಎರಡು ಹೆಜ್ಜೆ ಹಿಂದೆ ಸರಿದಳು. ಆಗ ಅವಳ ಕಣ್ಣಿಗೆ ಬಿದ್ದಿತು: ಮಾಮ, ಮೆಕ್ಯಾನಿಕ್, ಕೆಲಸದವರು, ಎಲ್ಲರೂ ಅಜ್ಜಿಯ ಕಾಲನ್ನೇ ದಿಟ್ಟಿಸುತ್ತಿದ್ದರು. ಅಜ್ಜಿಯ ಕುತ್ತಿಗೆ ಕೆಂಪಾಗಿತ್ತು.

“ಒಂದೊಂದು ಹಲಗೆ ತೆಗಿ,” ಎಂದಳು ಅಜ್ಜಿ.

ಮೆಕ್ಯಾನಿಕ್ ತೆಗೆದ. ಈಗ ಕಾಲು ಎಟುಕಿತು, ಮೈ ಏಳಲಿಲ್ಲ.

“ಇನ್ನೂ ಒಂದೊಂದು.”

ಹಿಡಿಕೆ, ಉಸಿರು, “ಹೂಂ!” ಅಜ್ಜಿ ಸೀಟಿನ ಮೇಲೆ ಕೂತಿದ್ದಳು.

“ಬರೀ ಎರಡಾ?” ಮಾಮನ ಮುಖ ಇಳಿದುಹೋಯಿತು. “ಗುಡ್ಡದ ತಿರುವಿನ ಆ ದೊಡ್ಡ ಕಲ್ಲು ಉಜ್ಜೇ ಉಜ್ಜುತ್ತೆ.”

“ಮಿಕ್ಕ ಕಲ್ಲೆಲ್ಲ ದಾಟುತ್ತೆ,” ಎಂದ ಮೆಕ್ಯಾನಿಕ್. “ಎತ್ತರ ಕಮ್ಮಿ ಇದ್ರೆ ತಿರುವಲ್ಲಿ ವಾಲೋದೂ ಕಮ್ಮಿ.”

“ಆ ಒಂದು ಕಲ್ಲು ಉರುಳಿಸೋಕೆ ನಿನ್ನ ಫ್ರೆಂಡ್ಸನ್ನ ಕರಿ,” ಎಂದಳು ಅಜ್ಜಿ ಮೇಲಿನಿಂದ. “ಫೋಟೋಗೆ ನಿಲ್ಲೋಕೆ ಬರ್ತಾರಲ್ಲ, ಇದಕ್ಕೂ ಬರಲಿ.”

ಕೆಲಸದವರು ಮತ್ತೆ ನಕ್ಕರು. ಈ ಸಲ ಕಿವಿ ಬಿಸಿಯಾಗಿದ್ದು ಮಾಮನಿಗೆ. ಅವನು ತಲೆ ಕೆರೆದುಕೊಂಡು ಜೀಪಿನ ಹತ್ತಿರ ಬಂದು ಮೆಲ್ಲಗೆ ಕೇಳಿದ, “ಮತ್ತೆ ಬಿದ್ದರೆ?”

“ಬಿದ್ದರೆ ನಾನೇ ಹೇಳ್ತೀನಿ,” ಎಂದಳು ಅಜ್ಜಿ.

ಮಾತು ಮಾಮನಿಗೆ, ನೋಟ ಚೂಟಿಗೆ. ಚೂಟಿ ನೆಲದ ಮೇಲಿನ ಎಣ್ಣೆ ಕಲೆಯನ್ನು ಬೂಟಿನ ತುದಿಯಿಂದ ಉಜ್ಜುತ್ತ ನಿಂತಳು.

ಹೊಸ ಸ್ಪ್ರಿಂಗ್ ಹಾಕಿಸಿದ ಮಾರನೇ ಬೆಳಿಗ್ಗೆ ಜೀಪು ಮನೆ ಮುಂದೆ ನಿಂತಿತ್ತು. ಅಜ್ಜಿ ಹೊಲಿದ ಬಟ್ಟೆಗಳ ಚೀಲ ಹಿಡಿದು ಬಂದಳು. ಚೂಟಿಯ ಕೈ ತಾನಾಗಿಯೇ ಮುಂದೆ ಹೋಯಿತು. ಅವಳು ಅದನ್ನು ತಡೆದಳು.

“ಅಜ್ಜಿ, ಕೈ ಕೊಡ್ಲಾ?”

ಅಜ್ಜಿ ಜೀಪನ್ನು ನೋಡಿದಳು. ಆಮೇಲೆ ಮೊಮ್ಮಗಳನ್ನು ನೋಡಿದಳು.

“ಬೇಡ. ಚೀಲ ಹಿಡ್ಕೋ.”

ಚೂಟಿ ಚೀಲ ತೆಗೆದುಕೊಂಡಳು. ಡ್ರೈವರ್ ಸೀಟಿನಲ್ಲಿ ಮಾಮ ಕತ್ತು ತಿರುಗಿಸಿ ನೋಡುತ್ತಿದ್ದ.

“ಮಾಮ, ಮುಂದೆ ನೋಡು.”

“ಯಾಕೆ?”

“ಸುಮ್ನೆ ನೋಡು.”

ಮಾಮ ಮುಂದೆ ನೋಡಿದ. ಚೂಟಿಯೂ ಬೆನ್ನು ತಿರುಗಿಸಿ, ಗೋಡೆಯ ಮೇಲೆ ಹೋಗುತ್ತಿದ್ದ ಇರುವೆಗಳನ್ನು ನೋಡುತ್ತ ನಿಂತಳು.

ಹಿಂದಿನಿಂದ “ಹೂಂ” ಎಂಬ ಸದ್ದು ಬಂತು. ಸೀಟು ಕಿರ್ರೆಂದಿತು.

“ಅಲ್ಲೇ ನಿಂತಿರ್ತೀಯೇನೇ? ಅಂಗಡಿ ತೆಗೆಯೋ ಹೊತ್ತಾಯ್ತು. ಹತ್ತು!”