ಚೆಂಡು ನೋಡದ ಸ್ಕೌಟ್

ಅವನು ಚೆಂಡು ನೋಡುತ್ತಿರಲಿಲ್ಲ.

ರುದ್ರಾಣಿ ಇದನ್ನು ಗಮನಿಸಿದ್ದು ಅವನು ಬಂದ ಎರಡನೆಯ ಶನಿವಾರ. ಮೆಲ್ಬೋರ್ನಿನ ಗ್ಲೆನ್ ವೇವರ್ಲಿಯ ಮೈದಾನದಲ್ಲಿ ಜೂನ್ ತಿಂಗಳ ಚಳಿ ಹುಲ್ಲಿನ ಮೇಲೆ ಕೂತಿತ್ತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತಂಡವೊಂದಕ್ಕೆ ಹುಡುಗರನ್ನು ಹುಡುಕಿಕೊಡುವ ಸ್ಕೌಟ್ ಅಂತೆ. ಬೇಲಿಯ ಹಿಂದೆ ನಿಂತು ರೇಡಾರ್ ಗನ್ ಹಿಡಿದು ಚೆಂಡಿನ ವೇಗ ಅಳೆಯುತ್ತಿದ್ದ. ಗನ್ ಚೆಂಡಿನ ಕಡೆಗಿತ್ತು. ಕಣ್ಣು ಅವಳ ಕಡೆಗಿತ್ತು.

ಚೆಂಡೆಸೆಯುತ್ತಿದ್ದವನು ಅವಳ ಮೈದುನ ದ್ಯಾಮಣ್ಣ. ಹದಿನೇಳರ ಹುಡುಗ, ಅಜ್ಜನ ಹೆಸರು. ತಂಡದವರ ಬಾಯಲ್ಲಿ ಡ್ಯಾಮೊ. ಮೊದಲು ಕ್ರಿಕೆಟ್ ಆಡುತ್ತಿದ್ದ. ಮೊಣಕೈ ಮಡಚಿ ಎಸೆಯುತ್ತಾನೆ, ಇದು ಬೌಲಿಂಗ್ ಅಲ್ಲ ಎಂದು ಅಂಪೈರ್ ಮತ್ತೆ ಮತ್ತೆ ನೋಬಾಲ್ ಕೊಟ್ಟಾಗ ಶಾಲೆಯ ಕೋಚ್ ಅವನನ್ನು ಪಕ್ಕದ ಬೇಸ್‌ಬಾಲ್ ಮೈದಾನಕ್ಕೆ ಕಳಿಸಿದ. ಅಲ್ಲಿ ತಪ್ಪಾದ ಕೈ ಇಲ್ಲಿ ವರವಾಯಿತು.

ತಂದೆತಾಯಿ ತೀರಿಕೊಂಡ ಮೇಲೆ ಆ ಹುಡುಗನನ್ನು ಧಾರವಾಡದಿಂದ ಮೆಲ್ಬೋರ್ನಿಗೆ ಕರೆತಂದದ್ದು ಅವನ ಅಣ್ಣ, ರುದ್ರಾಣಿಯ ಗಂಡ ಗುರುಬಸವ. ಒಂದು ಮಂಗಳವಾರ ಆಫೀಸಿಗೆಂದು ಹೊರಟ ಗುರುಬಸವ ಜೀವಂತ ಮರಳಲಿಲ್ಲ. ಆಮೇಲೆ ಕ್ಲೇಟನ್ನಿನ ಬಾಡಿಗೆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಅವಳು ಆಸ್ಪತ್ರೆಯ ಲ್ಯಾಬಿಗೆ ಹೋದಳು, ಅಡಿಗೆ ಮಾಡಿದಳು, ಹುಡುಗನ ಬಟ್ಟೆಯ ಕೆಮ್ಮಣ್ಣು ತೊಳೆದಳು. ಅಳುವುದು ಎಲ್ಲೋ ನಿಂತುಹೋಗಿತ್ತು. ಯಾವಾಗ ಎಂದು ಅವಳಿಗೂ ಗೊತ್ತಾಗಿರಲಿಲ್ಲ.

"ನೀವು ಧಾರವಾಡದವರಾ?" ಆಟ ಮುಗಿದ ಮೇಲೆ ಸ್ಕೌಟ್ ಬಂದು ಕೇಳಿದ. ಕನ್ನಡದಲ್ಲಿ.

"ಯಾರು ಹೇಳಿದ್ರು?"

"ಹುಡುಗ ಜಾಕೆಟ್ ಹಾಕದಿದ್ದಾಗ ನೀವು ಬೈದದ್ದು ಕೇಳಿತು. ನಾನು ಓಲ್ವಿನ್. ನಮ್ಮದು ಕಿನ್ನಿಗೋಳಿ. ವಾರದ ದಿನ ವೆರಿಬೀಯಲ್ಲಿ ಮ್ಯಾಥ್ಸ್ ಟೀಚರ್, ಶನಿವಾರ ಹೀಗೆ."

"ಚೆಂಡು ಆ ಕಡೆ ಹೋಗತಿತ್ತು, ನೀವು ಈ ಕಡೆ ನೋಡಾಕತ್ತಿದ್ರಿ."

ಅವನು ಗನ್ನನ್ನು ಎತ್ತಿ ತೋರಿಸಿದ. "ಚೆಂಡನ್ನು ಇದು ನೋಡ್ತದೆ. ಇದಕ್ಕೆ ನನ್ನ ಸಹಾಯ ಬೇಡ."

ನಗಬೇಕಾದ ಮಾತು. ಅವಳು ನಗಲಿಲ್ಲ. ಮನೆಗೆ ಹೋಗುವಾಗ ಕಾರಿನ ಕನ್ನಡಿಯಲ್ಲಿ ತನ್ನ ಮುಖವನ್ನು ಒಮ್ಮೆ ನೋಡಿಕೊಂಡಳು. ಅದಕ್ಕಾಗಿ ಅವನ ಮೇಲೆ ಸಿಟ್ಟೂ ಬಂತು.

ಓಲ್ವಿನ್ ಹುಡುಗನನ್ನು ತಿದ್ದಲು ಶುರುಮಾಡಿದ. ವಾರದಲ್ಲಿ ಇಂತಿಷ್ಟೇ ಎಸೆತ, ಉಳಿದ ದಿನ ಕೈಗೆ ವಿಶ್ರಾಂತಿ. ಒಂದು ಶನಿವಾರ ಆಟದ ನಡುವೆಯೇ ಕೋಚ್‌ಗೆ ಹೇಳಿ ಅವನನ್ನು ಹೊರಗೆ ಕರೆಸಿದ.

"ಐ ವಾಸ್ ಫೈನ್, ವೈನಿ," ಎಂದು ದ್ಯಾಮಣ್ಣ ದಾರಿಯುದ್ದಕ್ಕೂ ಗೊಣಗಿದ. ಅಣ್ಣನ ಹೆಂಡತಿಯನ್ನು ಕರೆಯುವ ಆ ಒಂದು ಮಾತು ಮಾತ್ರ ಅವನಲ್ಲಿ ಧಾರವಾಡದ್ದಾಗಿಯೇ ಉಳಿದಿತ್ತು.

ಈ ಮನುಷ್ಯ ಹುಡುಗನ ಕೈ ಕಾಯುತ್ತಿದ್ದಾನೋ, ಬೇರೆ ಸ್ಕೌಟ್‌ಗಳ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತಿದ್ದಾನೋ? ರುದ್ರಾಣಿ ಇನ್ನೊಂದು ರೊಟ್ಟಿ ತಟ್ಟುತ್ತಾ ಯೋಚಿಸಿದಳು. ಆ ರೊಟ್ಟಿ ಅವನಿಗೇ ಬಡಿಸುವುದಿತ್ತು. ತರಬೇತಿ ಮುಗಿಸಿ ಹುಡುಗನನ್ನು ಮನೆಗೆ ಬಿಡಲು ಬಂದವನು ಊಟಕ್ಕೆ ಕೂರುವುದು ಆಗಲೇ ರೂಢಿಯಾಗಿತ್ತು.

"ಇವನಿಗೆ ವೇಗ ದೇವರು ಕೊಟ್ಟದ್ದು," ಎಂದ ಓಲ್ವಿನ್, ಎಣಗಾಯಿಯ ರಸವನ್ನು ರೊಟ್ಟಿಯಿಂದ ಒರೆಸುತ್ತಾ. "ನಿಧಾನ ನಾವು ಕಲಿಸಬೇಕು. ಚೇಂಜಪ್ ಅಂತಾರೆ. ಕೈ ಬೀಸುವುದು ಅದೇ ಜೋರು, ಮುಖ ಅದೇ, ಚೆಂಡು ಮಾತ್ರ ಹಿಂದೆ ಉಳೀತದೆ. ಬ್ಯಾಟ್ ಹಿಡಿದವನು ಗಾಳಿಗೆ ಹೊಡೀತಾನೆ."

"ಅಂದ್ರ ಮೋಸ."

"ಆಟದೊಳಗಿನ ಮೋಸ."

"ಆಟ ಎಲ್ಲಿ ಮುಗೀತೈತಿ ಅಂತ ಹೆಂಗ ಗೊತ್ತಾಗಬೇಕ್ರಿ?"

ಅವನು ತಲೆಯೆತ್ತಿದ. ಚೀಲದಿಂದ ಚೆಂಡು ತೆಗೆದು ಅವಳ ಅಂಗೈಯಲ್ಲಿಟ್ಟ. "ಹಿಡಿದು ನೋಡಿ. ಈ ಹೊಲಿಗೆಯ ಮೇಲೆ ನಡುಬೆರಳು. ಉಂಗುರದ ಬೆರಳು ಅದರ ಪಕ್ಕ. ಇಲ್ಲ, ಇನ್ನೂ ಸಡಿಲ."

ಅವನು ಬೆರಳು ಮುಟ್ಟಲಿಲ್ಲ. ಕೂದಲೆಳೆಯಷ್ಟು ದೂರದಲ್ಲಿ ತನ್ನ ಬೆರಳನ್ನು ಚಲಿಸಿ ತೋರಿಸಿದ, ಅಷ್ಟೆ. ಮುಟ್ಟಿದ್ದರೆ ಕೈ ಹಿಂದೆಗೆದುಕೊಂಡು ಮುಗಿಸಬಹುದಿತ್ತು. ಮುಟ್ಟದಿದ್ದುದರಿಂದ ಆ ಬಿಸುಪು ಅಂಗೈಯಲ್ಲೇ ಉಳಿಯಿತು. ಅವಳು ಎದ್ದು, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದಳು.

"ಹೀ ಲೈಕ್ಸ್ ಯುವರ್ ರೊಟ್ಟಿ, ವೈನಿ," ಎಂದ ದ್ಯಾಮಣ್ಣ, ಅವನು ಹೋದ ಮೇಲೆ. "ಜಸ್ಟ್ ಸೇಯಿಂಗ್."

"ನೀ ಹೋಮ್‌ವರ್ಕ್ ಮಾಡು ಹೋಗು."

ಅವನಿಗಿನ್ನೂ ಹದಿನೆಂಟು ತುಂಬಿರಲಿಲ್ಲ. ಅಮೆರಿಕದವರು ಕರಾರು ಕೊಟ್ಟರೆ ಸಹಿ ಮಾಡಬೇಕಾದವಳು ಅವಳು. ಅದು ಓಲ್ವಿನ್‌ಗೂ ಗೊತ್ತಿತ್ತು. ಆ ರಾತ್ರಿ ಅವಳಿಗೆ ನಿದ್ದೆ ಬಾರದಂತೆ ಮಾಡಿದ ಮಾತು ಇದೊಂದೇ. ಈ ನೋಟ, ಈ ನಯ, ಖಾಲಿ ತಟ್ಟೆಯನ್ನು ತಾನೇ ಎತ್ತಿ ಸಿಂಕಿಗಿಡುವ ಮರ್ಯಾದೆ, ಇವೆಲ್ಲ ತನಗೋ, ತನ್ನ ಸಹಿಗೋ?

ಉತ್ತರ ಕೊಟ್ಟವಳು ಲೊರೇನ್. ತಂಡದ ಇನ್ನೊಬ್ಬ ಹುಡುಗನ ತಾಯಿ, ಮೂವರು ಗಂಡುಮಕ್ಕಳನ್ನು ಇದೇ ಮೈದಾನದಲ್ಲಿ ಬೆಳೆಸಿದವಳು.

"ಅವನು ನಿನ್ನನ್ನು ನೋಡ್ತಾನೆ ಅಂತ ಹಿಗ್ಗಬೇಡ, ಲವ್," ಎಂದಳು ಬಿಸಿ ಚಿಪ್ಸ್ ಚಾಚುತ್ತಾ. "ಸ್ಕೌಟ್‌ಗಳೆಲ್ಲ ಹಾಗೆಯೇ. ತಾಯಿಯ ಭುಜ ನೋಡ್ತಾರೆ, ಎತ್ತರ ನೋಡ್ತಾರೆ, ಸೋತಾಗ ಅವಳು ಹೇಗೆ ಕೂರ್ತಾಳೆ ನೋಡ್ತಾರೆ. ಮಗ ಮುಂದೆ ಹೇಗೆ ಬೆಳೀತಾನೆ ಅನ್ನೋದು ಅಲ್ಲೇ ಗೊತ್ತಾಗ್ತದಂತೆ. ನನ್ನನ್ನೂ ನೋಡಿದ್ರು ಒಂದು ಕಾಲದಲ್ಲಿ. ಈ ಸೊಂಟ ನೋಡಿ ನನ್ನ ದೊಡ್ಡ ಮಗನನ್ನ ಬಿಟ್ಟೇಬಿಟ್ರು."

ಲೊರೇನ್ ನಕ್ಕಳು. ರುದ್ರಾಣಿಯೂ ತುಟಿ ಅರಳಿಸಿದಳು. ಒಳಗೆ ಮಾತ್ರ ಒಂದೊಂದೇ ನೋಟವನ್ನು ಹೆಕ್ಕಿ ತೆಗೆದು ನೋಡಿದಳು. ಕೂದಲು ಕಟ್ಟುವಾಗ ನೋಡಿದ್ದು ಭುಜಕ್ಕೆ. ಎದ್ದು ನಿಂತಾಗ ನೋಡಿದ್ದು ಎತ್ತರಕ್ಕೆ. ದ್ಯಾಮಣ್ಣ ಸೋತ ದಿನ ಅಷ್ಟು ಹೊತ್ತು ನೋಡಿದ್ದು, ಅಯ್ಯೋ, ಅದು ಕರುಣೆಯಲ್ಲ, ಕೆಲಸ. ಅವಳು ಅದನ್ನೆಲ್ಲ ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಳು. ನಾಚಿಕೆಯಲ್ಲಿ ಕಿವಿ ಕಾದವು. ಬಹಳ ದಿನಗಳ ಮೇಲೆ ಮೈಯಲ್ಲಿ ಏನೋ ಒಂದು ಹೀಗೆ ಸುಟ್ಟಿತ್ತು.

ಅದರ ಮುಂದಿನ ವಾರದಿಂದ ಓಲ್ವಿನ್ ಬರಲೇ ಇಲ್ಲ. ಫೋನೂ ಇಲ್ಲ. ಬದಲಿಗೆ ಸಿಡ್ನಿಯಿಂದ ಗ್ರೆಗ್ ಎಂಬವನು ಮಾತಾಡಿದ. ಅದೇ ತಂಡದ ಇನ್ನೊಬ್ಬ ಸ್ಕೌಟ್. ಸೆಪ್ಟೆಂಬರ್ ಹಾಲಿಡೇಸ್‌ನಲ್ಲಿ ಕ್ಯಾಂಪ್ ಇದೆ, ಅಮೆರಿಕದಿಂದ ದೊಡ್ಡವರು ಬರುತ್ತಾರೆ, ಕರೆದುಕೊಂಡು ಬನ್ನಿ ಎಂದ.

ಅಳತೆ ಮುಗಿಯಿತು, ಹೋದ, ಎಂದುಕೊಂಡಳು. ರೊಟ್ಟಿಯ ಲೆಕ್ಕ ತಪ್ಪಿ ದಿನವೂ ಒಂದೆರಡು ಉಳಿಯುತ್ತಿದ್ದವು.

ಸಿಡ್ನಿಯ ಬ್ಲ್ಯಾಕ್‌ಟೌನ್ ಮೈದಾನದಲ್ಲಿ ಆಗಲೇ ಬಿಸಿಲು ಬಲಿತಿತ್ತು. ದ್ಯಾಮಣ್ಣ ಎಸೆದ. ಟೋಪಿ ಹಾಕಿದ ಗಂಡಸರು ಮಾತು ನಿಲ್ಲಿಸಿದರು. ಜೋರಾದ ಎಸೆತಗಳ ನಡುವೆ ಅವನು ಆ ನಿಧಾನದ ಚೆಂಡನ್ನು ಬಿಟ್ಟಾಗ ಬ್ಯಾಟ್ ಹಿಡಿದವನು ಗಾಳಿಗೆ ಹೊಡೆದು ಮಂಡಿಯೂರಿದ. ಯಾರೋ ಮೆಲ್ಲಗೆ ಶಿಳ್ಳೆ ಹಾಕಿದರು.

ಮಧ್ಯಾಹ್ನಕ್ಕೆ ಗ್ರೆಗ್ ಕರಾರು ತಂದ. ಸಂಜೆಯೊಳಗೆ ಉತ್ತರ ಬೇಕು ಎಂದ. "ಓಲ್ವಿನ್ ಇವನನ್ನು ನನಗೆ ಬಿಟ್ಟುಕೊಟ್ಟ, ಹುಚ್ಚ. ಇಷ್ಟು ವರ್ಷದಲ್ಲಿ ಅವನಿಗೆ ಸಿಕ್ಕ ಅತ್ಯುತ್ತಮ ಕೈ. ಹುಡುಕಿದವನು ನೀನೇ ಅಂತ ಬರೆಸಿಕೋ ಗ್ರೆಗ್, ನನ್ನ ಹೆಸರು ಎಲ್ಲೂ ಬೇಡ ಅಂದ. ಯಾಕೆ ಅಂತ ಕೇಳಿದ್ರೆ ಬಾಯಿ ಬಿಡಲಿಲ್ಲ. ಈಗ ಅಲ್ಲಿ ಕೂತಿದ್ದಾನೆ ನೋಡು."

ದೂರದ ಬೇಲಿಯ ಹತ್ತಿರ, ಮರದ ಬೆಂಚಿನ ಮೇಲೆ ಓಲ್ವಿನ್ ಒಬ್ಬನೇ ಕೂತಿದ್ದ. ಕೈಯಲ್ಲಿ ಗನ್ ಇರಲಿಲ್ಲ.

ಒಳ್ಳೆಯ ಕೈಯನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಏನೋ ಕಂಡಿದ್ದಾನೆ. ಮೊಣಕೈಯಲ್ಲೋ ಭುಜದಲ್ಲೋ ಕಂಡು, ಹೇಳದೆ ಜಾರಿಕೊಂಡಿದ್ದಾನೆ. ರುದ್ರಾಣಿ ಹುಲ್ಲು ದಾಟಿ ನೆಟ್ಟಗೆ ನಡೆದಳು.

"ಹುಡುಗನ ಕೈಗೆ ಏನಾಗೇತಿ?"

ಅವನು ಎದ್ದುನಿಂತ. "ಎಂತದೂ ಇಲ್ಲ."

"ಸುಳ್ಳು ಹೇಳಬ್ಯಾಡ್ರಿ. ಏನೂ ಇಲ್ಲದ ಬಿಟ್ಟುಕೊಟ್ರೇನು?"

"ಕೈ ಚಿನ್ನದ ಹಾಗೆ ಉಂಟು. ನನ್ನ ಕಣ್ಣೇ ಸರಿ ಇರಲಿಲ್ಲ."

"ನಿಮ್ಮ ಕಣ್ಣಿನ ಕತಿ ನನಗ ಗೊತ್ತೈತ್ರಿ." ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು. "ಲೊರೇನ್ ಎಲ್ಲಾ ಹೇಳ್ಯಾಳ. ಭುಜ, ಎತ್ತರ, ಕೂಡೂ ಧಾಟಿ. ಸಂತಿಯೊಳಗ ಎತ್ತು ನೋಡಿದಂಗ ನೋಡಿದ್ರಿ ನನ್ನ. ಹುಡುಗ ಹೆಂಗ ಬೆಳೀತಾನ ಅಂತ ತಿಳ್ಕೊಳ್ಳಾಕ."

ಓಲ್ವಿನ್ ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಅವಳು ತಮಾಷೆ ಮಾಡುತ್ತಿಲ್ಲ ಎಂಬುದು ಖಚಿತವಾಗಬೇಕಿತ್ತು ಅವನಿಗೆ.

"ರುದ್ರಾಣಿ," ಎಂದ ಮೆಲ್ಲಗೆ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನೀವು ಅವನ ಅತ್ತಿಗೆ."

ಅವಳು ಮೈದಾನದ ಕಡೆ ತಿರುಗಿದಳು.

"ನಿಮ್ಮ ಭುಜ ನೋಡಿ ಅವನ ಭುಜದ ವಿಷಯ ನನಗೆ ಎಂತ ಗೊತ್ತಾಗ್ಬೇಕು? ಮೊದಲ ದಿನವೇ ವೈನಿ ಅಂತ ಕರೆದ ನಿಮ್ಮನ್ನು. ನಮ್ಮ ಕೊಂಕಣಿಯಲ್ಲೂ ಹೆಚ್ಚುಕಡಿಮೆ ಅದೇ ಮಾತು. ರಕ್ತ ಸಂಬಂಧ ಇಲ್ಲ ಅಂತ ಗೊತ್ತಿದ್ದೇ ನೋಡಿದ್ದು."

ಮೈದಾನದ ಆಚೆ ದ್ಯಾಮಣ್ಣ ಬಾಟಲಿ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದ. ತನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ ಎಂಬುದು ಅವಳಿಗೆ ನಿಜವಾಗಿಯೂ ನೆನಪಾಗಿರಲಿಲ್ಲ. ಲೊರೇನ್ ತಾಯಿ ಎಂದಳು, ಇವಳು ಹೌದೆಂದು ಕೇಳಿಕೊಂಡಳು. ಇಷ್ಟು ದಿನ ಆ ಸಂಶಯವನ್ನು ಹೊತ್ತು ತಿರುಗಿದಳು. ಕಣ್ಣು ಉರಿಯಿತು. ಒರೆಸಿಕೊಂಡಾಗ ಕೈ ಒದ್ದೆಯಾಗಿತ್ತು. ಅವಳು ಆ ಒದ್ದೆಯನ್ನು ಬೆರಗಿನಿಂದ ನೋಡಿದಳು.

"ಹಂಗಾದ್ರ ಯಾಕ ಬರೂದು ಬಿಟ್ರಿ?"

"ಹುಡುಗನ ಮನೆಯವರ ಮೇಲೆ ಮನಸ್ಸಿಟ್ಟುಕೊಂಡು ಹುಡುಗನಿಗೆ ಬೆಲೆ ಕಟ್ಟುವುದು ಮರ್ಯಾದೆ ಅಲ್ಲ. ನಾನು ಎಂತ ಹೇಳಿದ್ರೂ ನೀವು ನಂಬ್ತಿರಲಿಲ್ಲ. ನಂಬಬಾರದು ಕೂಡ. ಅದಕ್ಕೆ ಮೊದಲು ಕೈ ತೊಳೆದುಕೊಂಡೆ. ಇವತ್ತು ಅವನು ಸಹಿ ಮಾಡಿದ್ರೆ ನನಗೆ ಒಂದು ಥ್ಯಾಂಕ್ಸ್ ಕೂಡ ಬರುವುದಿಲ್ಲ."

ಅವಳು ಬೆಂಚಿನ ಮೇಲೆ ಕೂತಳು. ಅವನು ನಡುವೆ ಜಾಗ ಬಿಟ್ಟು ಕೂತ.

"ಹೇಳ್ರಿ ಹಂಗಾದ್ರ. ಸಹಿ ಮಾಡ್ಲೋ ಬ್ಯಾಡೋ?"

"ಮಾಡಿ. ಟ್ವೆಲ್ತ್ ಮುಗಿಸಿಯೇ ಕಳಿಸ್ತೇನೆ ಅಂತ ಅದರಲ್ಲಿ ಬರೆಸಿ. ಮೊದಲ ವರ್ಷ ಅಮೆರಿಕದಿಂದ ಫೋನ್ ಮಾಡಿ ಅಳ್ತಾನೆ, ವಾಪಸ್ ಬರ್ತೇನೆ ಅಂತಾನೆ. ಕರೆಸಿಕೊಳ್ಳಬೇಡಿ."

"ಮೇಜರ್ ಲೀಗ್ ಮುಟ್ತಾನೇನು?"

"ಹೆಚ್ಚಿನವರು ಮುಟ್ಟುವುದಿಲ್ಲ ಮಾರಾಯ್ರೆ. ಇವನು ಪ್ರಯತ್ನ ಮಾಡುವಷ್ಟು ಒಳ್ಳೆಯವನು. ಅಷ್ಟೇ ಹೇಳಬಹುದು."

ಗ್ರೆಗ್, ಲೊರೇನ್, ಲ್ಯಾಬಿನವರು, ಎಲ್ಲರೂ ಮುಟ್ಟೇ ಮುಟ್ಟುತ್ತಾನೆ ಎಂದಿದ್ದರು. ಅವರಲ್ಲಿ ಒಬ್ಬರನ್ನೂ ಅವಳು ನಂಬಿರಲಿಲ್ಲ. ಈ ಮಾತು ನೇರವಾಗಿ ಒಳಗೆ ಹೋಗಿ ಕೂತಿತು.

ಅವಳು ಹೋಗಿ ಸಹಿ ಮಾಡಿದಳು. ಟ್ವೆಲ್ತ್‌ನ ಮಾತನ್ನು ಬರೆಸಿದ ಮೇಲೆ. ದ್ಯಾಮಣ್ಣ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ. ಆಮೇಲೆ ಗೆಳೆಯರ ಗುಂಪಿಗೆ ಓಡಿದ. ಹೋಗುವಾಗ ದೂರದ ಬೆಂಚಿನ ಕಡೆ ಕೈ ಬೀಸಿದ.

ಅವಳು ತಿರುಗಿ ಅಲ್ಲಿಗೆ ಬಂದಳು. ಓಲ್ವಿನ್ ಎದ್ದು ನಿಂತು ಕಾರಿನ ಕೀ ಹುಡುಕುತ್ತಿದ್ದ. ಅದು ಅವನ ಕೈಯಲ್ಲೇ ಇತ್ತು.

"ಅವ ಹೋದ ಮ್ಯಾಲೆ," ಎಂದಳು ರುದ್ರಾಣಿ, "ನಮ್ಮ ಮನಿಗೆ ಬರಾಕ ನಿಮಗ ಏನು ನೆವ ಐತ್ರಿ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. ಮ್ಯಾಥ್ಸ್ ಟೀಚರನ ಹಣೆಯಲ್ಲಿ ಗೆರೆಗಳು ಮೂಡಿದವು.

"ಎಂತದೂ ಇಲ್ಲ."

"ಹಂಗಾದ್ರ ನೆವ ಇಲ್ಲದ ಬರ್ರಿ," ಎಂದಳು ಅವಳು. ಮುಖ ತಿರುಗಿಸದೆ, ಅವನು ನೋಡುವಷ್ಟು ಹೊತ್ತೂ ನೋಡಲು ಬಿಟ್ಟಳು.