ಅಡೆಲಾಳ ಮುತ್ತು

ತನಗೆ ಕಣ್ಣಿಲ್ಲವೇನೋ ಎಂಬ ಅಳುಕನ್ನು ಕೊರಿನ್ ತನ್ನಲ್ಲೇ ಒಪ್ಪಿಕೊಂಡು ಬಹಳ ದಿನವಾಗಿತ್ತು. ಒಡವೆ ಗುರುತಿಸುವ ಕಣ್ಣು. ಒಂದಾದರೂ ಅಸಲಿ ಹಳೆಯ ಒಡವೆ ಹುಡುಕಿ ತಾರದಿದ್ದರೆ ಬೆಲೆ ಕಟ್ಟುವ ಕೆಲಸದಿಂದ ತೆಗೆಯುವುದಾಗಿ ಅವಳ ಹರಾಜುಮನೆಯ ಯಜಮಾನ ಹೇಳಿಬಿಟ್ಟಿದ್ದ. ಅದಕ್ಕೇ ಈಗ ಪೆನ್ಸಿಲ್ವೇನಿಯಾದ ಈ ಚರ್ಚಿನ ನೆಲಮಾಳಿಗೆಯಲ್ಲಿ, ಬಳಸಿದ ಸಾಮಾನಿನ ಅಂಗಡಿಯಲ್ಲಿ ನಿಂತಿದ್ದಳು. ನುಸಿಗುಳಿಗೆ, ತೇವ ಹಿಡಿದ ಉಣ್ಣೆ, ಯಾರದೋ ಒಣಗಿದ ಬೆವರು ಎಲ್ಲ ಸೇರಿ ನಾರುತ್ತಿದ್ದವು.

ಕೈಯಲ್ಲೊಂದು ಬ್ರೋಚ್, ಸತ್ತವರ ನೆನಪಿಗೆಂದು ಹಿಂದಿನವರು ಬಟ್ಟೆಗೆ ಸಿಕ್ಕಿಸಿಕೊಳ್ಳುತ್ತಿದ್ದಂಥದ್ದು. ನಡುವೆ ಗಾಜಿನಡಿ ಸತ್ತವಳೊಬ್ಬಳ ಕೂದಲ ಹೆಣಿಗೆ, ಸುತ್ತ ಪುಟ್ಟ ಮುತ್ತುಗಳು.

"ನೋಡು, ತೂಗು, ಏನಾದ್ರೂ ಮಾಡ್ಕೋ ಮರಿ. ಹಲ್ಲಿಗೆ ಮಾತ್ರ ತಾಗಿಸ್ಬೇಡ," ಎಂದಳು ಅಂಗಡಿ ನೋಡಿಕೊಳ್ಳುವ ಮುದುಕಿ ಒಟಿಲಿ.

"ಯಾಕೆ, ಕಚ್ಚುತ್ತಾ?"

"ಅದು ಅಡೆಲಾ ಅನ್ನೋಳ ಕೂದಲು. ಅವಳು ಮಾರೋಕೆ ಒಯ್ದಿದ್ದ ಇದೇ ಮುತ್ತನ್ನ ಬೆಲೆ ಕಟ್ಟೋನೊಬ್ಬ ಗಾಜು ಅಂದ. ಔಷಧಿಗೂ ಗತಿಯಿಲ್ದೆ ಸತ್ಲು. ಸುಳ್ಳು ಬೆಲೆ ಹೇಳೋರ ಬಾಯಿ ತುಂಬ್ತೀನಿ ಅಂತ ಶಾಪ ಹಾಕಿ ಹೋದ್ಲಂತೆ. ಅವನು ಅಂದಿದ್ದು ನಿಜವೋ ಸುಳ್ಳೋ, ಪರೀಕ್ಷೆ ಮಾಡೋ ಧೈರ್ಯ ಯಾರಿಗೂ ಬಂದಿಲ್ಲ."

ಅಜ್ಜಿ ಕತೆ ಎಂದುಕೊಂಡು ಕೊರಿನ್ ಒಳಗೊಳಗೇ ನಕ್ಕಳು. ಭೂತಗನ್ನಡಿಯಲ್ಲಿ ನೋಡಿದಳು. ಹಿಂಬದಿಯ ಪಿನ್ನಿಗೆ ಬರೀ ಕೊಕ್ಕೆ, ಈಗಿನವುಗಳಂತೆ ಚಿಲಕವಿಲ್ಲ; ಹಳೆಯ ಕಾಲದ್ದೇ. ಹೆಣಿಗೆ ಮಾತ್ರ ಬಚ್ಚಲ ತೂತಿನಿಂದ ಎಳೆದು ತೆಗೆದಂತೆ ಜಿಡ್ಡುಜಿಡ್ಡಾಗಿತ್ತು. ಮುದುಕಿ ಅತ್ತ ತಿರುಗಿದ್ದೇ ತಡ, ಮುತ್ತನ್ನು ಮುಂದಿನ ಹಲ್ಲಿಗೆ ಉಜ್ಜಿದಳು. ಗಾಜಿನ ಮುತ್ತಾದರೆ ಹಲ್ಲಿನ ಮೇಲೆ ಜಾರುತ್ತದೆ. ಇದು ನುಣ್ಣನೆಯ ಮರಳಿನಂತೆ ಗರಗರ ಅಂದಿತು. ಅಸಲಿ.

"ಗಾಜು," ಎಂದಳು ತಲೆ ಎತ್ತದೆ. "ಒಂದು ಕಾಫಿಗಾಗುವಷ್ಟು ಕೊಡ್ತೀನಿ."

ನಾಲಿಗೆಯ ಮೇಲೆ ಏನೋ ಮಿಸುಕಿತು. ಒಂದು ಕೂದಲು. ಬೆರಳು ಹಾಕಿ ಎಳೆದಳು. ಮುಗಿಯಲಿಲ್ಲ. ಮೊಳದುದ್ದ ಬಂತು, ಇನ್ನೂ ಬರುತ್ತಿತ್ತು. ಕಮಟು ಎಣ್ಣೆಯ ರುಚಿ, ಅದರಡಿ ಹೆಣದ ಸಿಹಿನಾತ. ಎಳೆದಾಗೆಲ್ಲ ಹೊಟ್ಟೆಯಾಳದಲ್ಲಿ ಜಗ್ಗಿತು. ಬೇರು ಒಳಗಿತ್ತು. ಎರಡು ಎಳೆ. ಹತ್ತು. ಕೆನ್ನೆ ಉಬ್ಬಿತು. ಒಸಡಿನ ಸಂದಿಗಳಿಂದಲೂ ಕೂದಲು ಮೊಳೆಯತೊಡಗಿತು. ಉಸಿರಿಲ್ಲ. ಕೈಯಲ್ಲಿದ್ದ ಬ್ರೋಚ್ ನೋಡಿದಳು. ಗಾಜಿನಡಿ ಬರಿದು.

ಒಟಿಲಿ ಹತ್ತಿರ ಬರಲಿಲ್ಲ. ಗೋಡೆಗೊತ್ತಿ ನಿಂತಳು.

"ಎಳೀಬೇಡ. ಎಳೆದಷ್ಟೂ ಬೆಳೆಯುತ್ತೆ. ಇದ್ದದ್ದು ಇದ್ದಂಗೆ ಹೇಳ್ಬಿಡು, ತಾಯಿ."

ಹೇಳಿದರೆ ಬ್ರೋಚ್ ಕೈತಪ್ಪುತ್ತದೆ, ಕೆಲಸ ಹೋಗುತ್ತದೆ. ಹೇಳಲು ಬಾಯಿಯಲ್ಲಿ ಜಾಗವೂ ಇಲ್ಲ. ಕಣ್ಣು ಕತ್ತಲಿಟ್ಟಿತು. ಬಾಯಿಗೆ ಜಾಗ ಮಾಡಿಕೊಳ್ಳಲು ಉಳಿದದ್ದು ಒಂದೇ ದಾರಿ. ಹಲ್ಲು ಕಚ್ಚಿದಳು. ಹೊರಗೆ ಜೋತಾಡುತ್ತಿದ್ದದ್ದು ತುಂಡಾಗಿ ಬಿತ್ತು. ಒಳಗಿದ್ದದ್ದನ್ನು ನುಂಗಿದಳು. ಒದ್ದೆ ಹಗ್ಗದ ಗಂಟಿನಂತೆ ಅದು ಗಂಟಲು ಕೆರೆಯುತ್ತಾ ಇಳಿಯಿತು. ಓಕರಿಕೆ ಬಂತು. ಮತ್ತೆ ನುಂಗಿದಳು. ಹೊಟ್ಟೆಯಲ್ಲಿ ಅದು ನಿಧಾನವಾಗಿ ಸುರುಳಿ ಸುತ್ತಿ, ತನ್ನ ಮನೆಯೆಂಬಂತೆ ಮಲಗಿತು. ಇನ್ನದು ಹೊರಗೆ ಬರುವುದಿಲ್ಲವೆಂದು ಅವಳಿಗೆ ತಿಳಿಯಿತು.

ಬ್ರೋಚನ್ನು ಮುದುಕಿಯ ಕಡೆಗೆ ದೂಡಿದಳು. ಜೊಲ್ಲು ಒರೆಸಿಕೊಂಡಳು.

"ಅಸಲಿ ಮುತ್ತು," ಎಂದಳು. "ನಂಗೆ ಗೊತ್ತಿತ್ತು."